ತವರಿನ ಚೊಂಬು

ರಾಗಿ ಹಿಟ್ಟು ಕುದಿಯುವ ವಾಸನೆ ಅಡುಗೆಮನೆಯಿಂದ ನಡುಮನೆಗೆ ಬಂದಾಗ ಕೀರ್ತನಾ ಆ ಕಡೆಗೆ ಬೆನ್ನು ತಿರುಗಿಸಿ ಕೂತಳು. ಅತ್ತೆ ಇವತ್ತೂ ಸರಿ ಮಾಡಿದ್ದಾರೆ. ತೊಡೆಯ ಮೇಲಿದ್ದ ಕೂಸು ಎರಡು ಸಲ ಮೊಲೆ ಎಳೆದು, ಬಿಟ್ಟು, ಮತ್ತೆ ಎಳೆದು, ಸಿಟ್ಟಿಗೆ ಬಂದು ಒಸಡಿನಿಂದ ಕಚ್ಚಿತು. ಆರು ತಿಂಗಳು ತುಂಬಿ ಏಳೂ ಮುಗಿಯುತ್ತ ಬಂದ ಕೂಸು. ಯಾರಾದರೂ ಉಣ್ಣುತ್ತ ಕೂತರೆ ತಟ್ಟೆಯಿಂದ ಬಾಯಿಗೆ, ಬಾಯಿಂದ ತಟ್ಟೆಗೆ ಹೋಗುವ ಕೈಯ ಹಿಂದೆಯೇ ಅದರ ಕಣ್ಣು ಓಡಾಡುತ್ತಿತ್ತು. ನಿನ್ನೆ ಗಂಡ ಕ್ರಾಂತಿ ರೊಟ್ಟಿ ಮುರಿಯುವಾಗ ಅದು ತನ್ನ ಖಾಲಿ ಬಾಯಿಯನ್ನೇ ಆಡಿಸಿತ್ತು. ಅದನ್ನು ಕಂಡು ಕ್ರಾಂತಿ ನಕ್ಕಿದ್ದ, ಅವನ ತಾಯಿ ಕನಕಮ್ಮ ನಕ್ಕಿರಲಿಲ್ಲ, ಕೀರ್ತನಾ ಸೆರಗು ಎಳೆದುಕೊಂಡು ಕೂಸನ್ನು ಒಳಗೆ ಎತ್ತಿಕೊಂಡು ಹೋಗಿದ್ದಳು. ಈಗ ಕನಕಮ್ಮ ಬಟ್ಟಲು ಹಿಡಿದು ಬಂದರು. ಮೊಳಕೆ ಕಟ್ಟಿಸಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಸೋಸಿದ ಹಿಟ್ಟಿನ ಸರಿ, ಮೇಲೆ ಒಂದು ತೊಟ್ಟು ತುಪ್ಪ. "ಇವತ್ತಾದ್ರೂ ಬಾಯಿಗೆ ಹಚ್ಚೋಣೇನವ್ವ?" ಎಂದು ಕೇಳಿದರು, ಪ್ರತಿ ಸಲದಂತೆ ಮೆಲ್ಲಗೆ, ಇಲ್ಲ ಅಂದರೂ ಬೇಸರವಿಲ್ಲ ಅನ್ನುವ ದನಿಯಲ್ಲಿ. ಆ ದನಿಯೇ ಕೀರ್ತನಾಗೆ ಹೆಚ್ಚು ಚುಚ್ಚುತ್ತಿತ್ತು. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. "ಅಲ್ಲಿಡ್ರಿ ಅತ್ತಿ" ಅಂದಳು. ಕನಕಮ್ಮ ಬಟ್ಟಲನ್ನು ಟೀಪಾಯಿಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದು, ಕಿಟಕಿಯ ಪರದೆ ಸರಿಮಾಡುವ ನೆಪ ಮಾಡಿ, ಒಳಗೆ ಹೋದರು.

ನೆಪಗಳೆಲ್ಲ ಮುಗಿಯುತ್ತ ಬಂದಿದ್ದವು. ಮೊದಲು ಡಾಕ್ಟರ್ ಇದ್ದರು. ಆರು ತಿಂಗಳು ತಾಯಿಹಾಲು ಬಿಟ್ಟು ನೀರೂ ಬೇಡ ಅಂದಿದ್ದ ಅವರ ಮಾತನ್ನು ಅವಳು ಕೋಟೆಯ ಹಾಗೆ ಸುತ್ತ ಕಟ್ಟಿಕೊಂಡಿದ್ದಳು. ಆರು ತುಂಬಿದ ಮೇಲೆ ಅದೇ ಡಾಕ್ಟರ್ ಇನ್ನು ಬರೀ ಹಾಲು ಸಾಲದು, ಮೆತ್ತಗೆ ಏನಾದರೂ ಶುರುಮಾಡಿ ಅಂದಾಗ ಅವರ ಮಾತಿನ ಮೇಲೆ ಅವಳಿಗೆ ಒಮ್ಮೆಲೇ ನಂಬಿಕೆ ಹೋಯಿತು. ಆಮೇಲೆ ಕೂಸಿಗೆ ನೆಗಡಿ. ಆಮೇಲೆ ಹಲ್ಲು ಮೂಡಲಿ. ಒಂದು ದಿನ ಬಾಯಿ ತಪ್ಪಿ ಅಮಾವಾಸ್ಯೆ ಹೋಗ್ಲಿ ಅಂದಿದ್ದಳು, ಅಮಾವಾಸ್ಯೆ ಹುಣ್ಣಿಮೆ ನೋಡುವುದನ್ನು ಬಿಟ್ಟು ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡ ಮನೆಯಲ್ಲಿ. ಕನಕಮ್ಮ ಆಗಲೂ ಆಯ್ತವ್ವ ಅಂದಿದ್ದರು. ಮಾಡಿದ ಸರಿ ಕೆಡಬಾರದೆಂದು ಕ್ರಾಂತಿ ತಿಂದು, ಈ ಮನಿಯಾಗ ಹಲ್ಲಿಲ್ಲದ ಕೂಸು ನಾನ ನೋಡು ಎಂದು ಚೇಷ್ಟೆ ಮಾಡುತ್ತಿದ್ದ. ಆದರೆ ಮೊನ್ನೆ ಅಂಗನವಾಡಿಯ ರೇಖಾ ಕೂಸನ್ನು ತಕ್ಕಡಿಯ ಜೋಳಿಗೆಯಲ್ಲಿ ಕೂರಿಸಿ, ಮುಳ್ಳನ್ನು ಎರಡು ಸಲ ನೋಡಿ, ಹೋದ ತಿಂಗಳಿಗಿಂತ ಒಂದಿಷ್ಟೂ ಏರಿಲ್ಲವಲ್ಲ ಮೇಡಂ ಅಂದಳು. ಬೇರೆ ತಾಯಂದಿರು ತಿರುಗಿ ನೋಡಿದರು. ಅವರಲ್ಲೊಬ್ಬಳು ತನ್ನ ದುಂಡನೆಯ ಮಗನ ತೊಡೆಗಳನ್ನು ಸುಮ್ಮನೆ ಸವರಿಕೊಂಡಳು. ಕೀರ್ತನಾ ಬಿ.ಎಡ್. ಮಾಡಿದವಳು, ಪೋಷಣೆಯ ಪಾಠವನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಕಲಿಸಿದವಳು. ಮನೆಗೆ ಬರುವಾಗ ಕೂಸಿನ ಪಕ್ಕೆಲುಬು ಅವಳ ಅಂಗೈಗೆ ಹತ್ತುತ್ತಿತ್ತು, ತಾನು ಏನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಂಜೆ ಮತ್ತೆ ಅಲ್ಲಿಡ್ರಿ ಅಂದಿದ್ದಳು.

ಅವಳು ಕಾಯುತ್ತಿದ್ದಳು, ಅಷ್ಟೇ. ಹೊಸಹಳ್ಳಿಯ ಆಚೆಗಿರುವ ಅವಳ ಊರಿನಲ್ಲಿ, ಕುರಿ ಸಾಕುವ ಅವಳ ಮನೆತನದಲ್ಲಿ, ಮಗಳ ಕೂಸಿಗೆ ಮೊದಲ ಅನ್ನ ತವರಿನಿಂದ ಬರಬೇಕು. ತಾಯಿಯಾದವಳು ಹಿಂಡಿನ ಹಾಲು ಕರೆದು, ಹಿತ್ತಾಳೆ ಚೊಂಬಿನಲ್ಲಿ ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಮಗಳ ಮನೆಗೆ ತಾನೇ ಹೊತ್ತು ಹೋಗಿ, ಆ ಹಾಲಿನಲ್ಲಿ ನವಣೆ ಬೇಯಿಸಿ, ಬೆರಳ ತುದಿಯಿಂದ ಕೂಸಿನ ಬಾಯಿಗೆ ಇಡಬೇಕು. ದೊಡ್ಡಕ್ಕನ ಮಗನಿಗೆ ಹಾಗೆ ಇಡಲು ಹಗರಿಬೊಮ್ಮನಹಳ್ಳಿಗೆ ಹೋದಾಗ ಬಸ್ಸಿನಲ್ಲಿ ಆ ಚೊಂಬನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳು ಕೀರ್ತನಾಳೇ. ಆಗಿನ್ನೂ ಲಂಗ ಹಾಕುವ ವಯಸ್ಸು. ಬಸ್ಸು ಕುಣಿದಾಗಲೆಲ್ಲ ಅವ್ವ ದ್ಯಾಮಕ್ಕ ಅವಳ ಕೈಗಳ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿಯುತ್ತಿದ್ದಳು. ಒಂದು ಹನಿ ಚೆಲ್ಲಿದರೂ ನಿನ್ನ ಮದುವೆ ಕುರಿ ಕಾಯೋ ಮುದುಕನ ಕೂಡ ಮಾಡಿಬಿಡ್ತೀನಿ ಎಂದು ಹೆದರಿಸಿದ್ದಳು, ಇಬ್ಬರೂ ನಕ್ಕಿದ್ದರು. ನಿನ್ನ ಕೂಸಿಗೂ ಇದೇ ಚೊಂಬು ತರ್ತೀನಿ ಅಂತಲೂ ಅವ್ವ ಅಂದಿದ್ದಳು. ಬಟ್ಟೆಯ ಕೆಳಗೆ ಹಾಲು ಬೆಚ್ಚಗಿತ್ತು. ಆಮೇಲೆ ಅವಳು ಕೊಟ್ಟೂರಿನ ಕಾಲೇಜಿಗೆ ಹೋದಳು, ಅಲ್ಲಿ ಕ್ರಾಂತಿ ಸಿಕ್ಕ, ಮದುವೆಯಾದಳು. ಅಪ್ಪ ಗಾದೆಪ್ಪ ಕೇರಿಯ ಮನೆಗೆ ಹೋದವಳು ನಮ್ಮ ಪಾಲಿಗಿಲ್ಲ ಅಂದ. ಅವ್ವ ಬಾಗಿಲಲ್ಲಿ ನಿಂತಿದ್ದಳು, ಏನೂ ಅನ್ನಲಿಲ್ಲ. ಏನೂ ಅನ್ನಲಿಲ್ಲ ಎಂಬುದನ್ನೇ ಹಿಡಿದುಕೊಂಡು ಕೀರ್ತನಾ ಇಷ್ಟು ದಿನ ಬದುಕಿದ್ದಳು. ಕೂಸು ಹುಟ್ಟಿದಾಗ ಬರಲಿಲ್ಲ, ಸರಿ, ಅಪ್ಪ ಬಿಟ್ಟಿರಲಿಕ್ಕಿಲ್ಲ. ತೊಟ್ಟಿಲಿಗೆ ಬರಲಿಲ್ಲ, ಸರಿ. ಆದರೆ ಅನ್ನ ಇಡುವುದಕ್ಕೆ ಬರದೆ ಇರುತ್ತಾಳೆಯೇ. ಅದೂ ಹೋದ ತಿಂಗಳು ಬಸ್‌ಸ್ಟ್ಯಾಂಡಿನಲ್ಲಿ ಊರಿನ ಹಂಪಮ್ಮ ಸಿಕ್ಕು, ಕೂಸಿಗೆ ಅನ್ನ ಇಟ್ಟಾರೇನು ಅಂತ ನಿಮ್ಮವ್ವ ಕೇಳ್ತಿದ್ಲು ಎಂದು ಹೇಳಿದ ಮೇಲೆ. ಇನ್ನೂ ಇಲ್ಲ ಅಂತ ಹೇಳು, ಇಟ್ಟಿಲ್ಲ ಅಂತ ಹೇಳು ಎಂದು ಕೀರ್ತನಾ ಬಸ್ಸು ಹತ್ತುತ್ತಿದ್ದ ಹಂಪಮ್ಮನ ಸೆರಗು ಹಿಡಿದು ಮತ್ತೆ ಮತ್ತೆ ಹೇಳಿ ಕಳಿಸಿದ್ದಳು. ಅವತ್ತಿನಿಂದ ಗೇಟು ಸದ್ದಾದರೆ ಅವಳ ಎದೆಯಲ್ಲಿ ಹಾಲು ಇಳಿಯುತ್ತಿತ್ತು.

ಕ್ರಾಂತಿ ವಿದ್ಯುತ್ ಕಚೇರಿಗೆ ಹೊರಡುತ್ತ, ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ, ಕೊಟ್ಟೂರು ರಸ್ತೆಯ ಮೆಕ್ಕೆಜೋಳದ ಹೊಲದಲ್ಲಿ ಕುರಿ ಬಂದು ನಿಂತಿವೆ ಅಂದ. ಕೊಯ್ಲಾದ ಹೊಲಗಳಿಗೆ ಗೊಬ್ಬರಕ್ಕೆಂದು ಈ ಕಾಲದಲ್ಲಿ ಎಷ್ಟೋ ಹಿಂಡುಗಳು ಬರುತ್ತವೆ, ಅದರಲ್ಲೇನೂ ವಿಶೇಷವಿಲ್ಲ. ಆದರೆ ಅವನು ಬಾಗಿಲು ದಾಟಿದವನು ತಿರುಗಿ, "ಬೆನ್ನ ಮ್ಯಾಲೆ ನೀಲಿ ಬಣ್ಣ ಹಚ್ಯಾರ" ಅಂದು, ಅವಳ ಮುಖ ನೋಡದೆ ಗಾಡಿ ಚಾಲೂ ಮಾಡಿದ. ನೀಲಿ ಅವಳ ಅಪ್ಪನ ಹಿಂಡಿನ ಗುರುತು. ಅವಳು ಸ್ವಲ್ಪ ಹೊತ್ತು ಹಾಗೇ ಕೂತಳು. ಟೀಪಾಯಿಯ ಮೇಲಿನ ಸರಿ ಕೆನೆಗಟ್ಟುತ್ತಿತ್ತು. ಇಲ್ಲಿ ಹರಪನಹಳ್ಳಿಯವರೆಗೆ ಬಂದವರು ಮನೆಯವರೆಗೆ ಬರದೆ ಇರುತ್ತಾರೆಯೇ, ನಾಳೆ ಬರಬಹುದು, ಇವತ್ತು ಸಂಜೆಯೇ ಬರಬಹುದು, ಅವ್ವನಿಗೆ ಮನೆ ಗೊತ್ತಿಲ್ಲ, ಯಾರನ್ನು ಕೇಳುತ್ತಾಳೆ, ಟೀಚರ್ ಕನಕಮ್ಮನ ಮನೆ ಎಂದು ಕೇಳಲು ಅವಳಿಗೆ ನಾಲಿಗೆ ಬರುತ್ತದೆಯೇ. ಕಾಯಲು ಆಗಲಿಲ್ಲ. ಕೂಸಿಗೆ ಹೊಸ ಅಂಗಿ ಹಾಕಿ, ಕಾಡಿಗೆ ಹಚ್ಚಿ, ಚೀಲದಲ್ಲಿ ನೀರಿನ ಬಾಟಲಿ ಇಟ್ಟುಕೊಂಡು, ಇಲ್ಲೇ ಹೋಗಿ ಬರ್ತೀನಿ ಎಂದು ಅಡುಗೆಮನೆಯ ಕಡೆ ಕೂಗಿ ಹೇಳಿ ಆಟೊ ಹತ್ತಿದಳು.

ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು, ಆಟೊ ಒಂದೇ ಕಡೆಯಿಂದ ನುಸುಳಿಕೊಂಡು ಹೋಗಬೇಕಾಯಿತು. ಅವಳು ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಮೊದಲು ಸಿಟ್ಟಿನವು, ಆಮೇಲೆ ಅಳುವಿನವು, ಆಮೇಲೆ ಏನೂ ಆಗಿಲ್ಲವೆಂಬಂತೆ, ಏನಬೇ ಇಷ್ಟು ಸೊರಗೀ ಅನ್ನುವಂಥವು. ಸಣ್ಣವಳಿದ್ದಾಗ ಸಂಜೆ ಮರಿ ಬಿಡುವುದು ಅವಳ ಕೆಲಸ. ಹಗಲೆಲ್ಲ ಬುಟ್ಟಿಯ ಕೆಳಗಿದ್ದ ಮರಿಗಳನ್ನು ಹಿಂಡು ಬಂದ ಕೂಡಲೇ ಬಿಟ್ಟರೆ ಆ ಧೂಳಿನಲ್ಲಿ, ಆ ಒದರಾಟದಲ್ಲಿ ಒಂದೊಂದು ತಾಯಿಯೂ ತನ್ನದನ್ನು ಮೂಸಿ ಮೂಸಿ ಗುರುತು ಹಿಡಿಯುತ್ತಿತ್ತು. ಒಮ್ಮೊಮ್ಮೆ ಬೇರೆ ವಾಸನೆ ಅಂಟಿದ ತನ್ನ ಮರಿಯನ್ನೇ ಒಂದು ಕುರಿ ಒದೆಯುವುದೂ ಇತ್ತು. ಆಗ ಅಪ್ಪ ಆ ಕುರಿಯ ಹಿಂಗಾಲು ಗಟ್ಟಿಯಾಗಿ ಹಿಡಿದುಕೊಂಡು, ಕುಡಿಸಲೇ ಕೀರ್ತಿ, ಕುಡಿಸು, ಎರಡು ದಿನ ಕುಡಿದ್ರ ಅದಕ್ಕ ನೆನಪಾಗತೈತಿ ಅನ್ನುತ್ತಿದ್ದ. ಅವಳು ಮರಿಯ ಬಾಯನ್ನು ಕೆಚ್ಚಲಿಗೆ ಒತ್ತುತ್ತಿದ್ದಳು, ನಿಜವಾಗಿಯೂ ಮೂರನೇ ದಿನ ಕುರಿಗೆ ನೆನಪಾಗುತ್ತಿತ್ತು. ಹಿಂಗಾಲು ಹಿಡಿಯುವುದಕ್ಕೆ ಈಗ ಯಾರಿದ್ದಾರೆ ಎಂದುಕೊಂಡು ಆಟೊದಲ್ಲಿ ಒಬ್ಬಳೇ ನಕ್ಕಳು. ಡ್ರೈವರ್ ಕನ್ನಡಿಯಲ್ಲಿ ನೋಡಿದ.

ಕೂಳೆ ನಿಂತ ಹೊಲದ ನಡುವೆ ಬಲೆ ಕಟ್ಟಿ ಮಾಡಿದ ಕುರಿ ರೊಪ್ಪವಿತ್ತು. ಹಿಂಡು ಇರಲಿಲ್ಲ, ಹೊಸದಾಗಿ ಈದ ಕೆಲವು ಕುರಿಗಳು ಮಾತ್ರ ಬಲೆಯ ಹೊರಗೆ ನಿಂತಿದ್ದವು. ಬುಟ್ಟಿಗಳ ಕೆಳಗಿನಿಂದ ಮರಿಗಳ ದನಿ. ಕಲ್ಲು ಹೂಡಿದ ಒಲೆಯ ಮುಂದೆ ಅವ್ವ ಕೂತಿದ್ದಳು. ಕೂದಲು ಪೂರಾ ಬೆಳ್ಳಗಾಗಿತ್ತು. ಕೀರ್ತನಾ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಎಲ್ಲಿ ಹೋದವೋ, ಬರೀ ಅವ್ವ ಅಂದಳು. ದ್ಯಾಮಕ್ಕ ತಲೆಯೆತ್ತಿ ಮೊದಲು ದೂರದ ಕೆರೆಯ ದಿಕ್ಕಿಗೆ ನೋಡಿದಳು, ಆಮೇಲೆ ಮಗಳನ್ನು. ನಿಮ್ಮಪ್ಪ, ಶಿವಯೋಗಿ ಇಬ್ರೂ ನೀರಿಗೆ ಹೊಡ್ಕೊಂಡು ಹೋಗ್ಯಾರ, ಬರೂದ್ರೊಳಗ ಹೋಗಿಬಿಡವ್ವ ಅಂದಳು. ಶಿವಯೋಗಿ ಎಂದರೆ ಕೀರ್ತನಾಳ ಅಣ್ಣ, ಅಪ್ಪನಿಗಿಂತ ಜೋರು. ಕೀರ್ತನಾ ಹೋಗಲಿಲ್ಲ. ಸೊಂಟದ ಮೇಲಿದ್ದ ಕೂಸು ಅಜ್ಜಿಯ ಕಡೆ ಎರಡೂ ಕೈ ಚಾಚಿತು. ಅದು ಎಲ್ಲರಿಗೂ ಹಾಗೇ ಚಾಚುತ್ತದೆ, ಹಾಲಿನವನಿಗೂ ಚಾಚುತ್ತದೆ. ಆದರೆ ದ್ಯಾಮಕ್ಕನ ಬಲಗೈ ಮೇಲೆದ್ದಿತು, ಅದನ್ನು ಕೀರ್ತನಾ ಕಣ್ಣಾರೆ ಕಂಡಳು. ಮೇಲೆದ್ದ ಕೈ ಗಾಳಿಯಲ್ಲಿ ಒಂದು ಕ್ಷಣ ನಿಂತು, ಸೆರಗಿಗೆ ಹೋಗಿ ಒರೆಸಿಕೊಂಡು, ಮಡಿಲಿಗೆ ಮರಳಿತು. ಕಿವಿ ನಮ್ಮತ್ತಿದು ಬಂದೈತಿ ಅಂದಳು, ಕೂತಲ್ಲಿಂದಲೇ.

ಕೂಸು ಅಳತೊಡಗಿತು. ಕೀರ್ತನಾ ಅಲ್ಲೇ ಮಣ್ಣಿನಲ್ಲಿ ಕೂತು ಮೊಲೆಗೆ ಹಾಕಿಕೊಂಡಳು. ಅದು ಎಳೆಯಿತು, ಬಿಟ್ಟಿತು, ತಲೆ ಕೊಡವಿ ಕಿರುಚಿತು, ಮತ್ತೆ ಎಳೆಯಿತು. ಜೀವಮಾನವೆಲ್ಲ ತಾಯಿ ಮರಿಗಳನ್ನು ನೋಡಿದವಳ ಮುಂದೆ ಮುಚ್ಚಿಡುವುದು ಏನಿತ್ತು. ದ್ಯಾಮಕ್ಕ ಬಹಳ ಹೊತ್ತು ನೋಡಿದಳು.

"ಹಾಲು ಸಾಲವಲ್ದು ಅದಕ್ಕ" ಅಂದಳು. "ಇನ್ನೂ ಅನ್ನ ಇಟ್ಟಿಲ್ಲೇನು?"

"ಇಲ್ಲ."

"ಹಸಿದು ಒಣಗಾಕತ್ತೈತಲ್ಲ ಕೂಸು. ಯಾರಿಗೆ ಕಾಯಾಕತ್ತೀ?"

"ನಿನಗ."

ದ್ಯಾಮಕ್ಕ ಒಲೆಯ ಕಟ್ಟಿಗೆಯನ್ನು ಹೊರಗೆಳೆದಳು, ಒಳಗೆ ತಳ್ಳಿದಳು. ಹೊಗೆ ಕಣ್ಣಿಗೆ ಬಂದಿತೋ ಏನೋ. ಹಂಪಮ್ಮನ ಕೈಲಿ ಕೇಳಿ ಕಳಿಸಿದ್ದೆಯಲ್ಲ ಎಂದು ಕೀರ್ತನಾ ಅಂದಳು, ದೂರಿನ ದನಿಯಲ್ಲಿ, ಲಂಗ ಹಾಕುವ ವಯಸ್ಸಿನ ದನಿಯಲ್ಲಿ. ಅದಕ್ಕೆ ಅವ್ವ, "ಇಟ್ಟೀಯೋ ಇಲ್ಲೋ ಅಂತ ಕೇಳಿದ್ನೆವ್ವ. ಬರ್ತೀನಂತ ಹೇಳಿ ಕಳಿಸಿದ್ನೇನು?" ಅಂದಳು. ಗದರಿಕೆಯೇನಲ್ಲ, ಬೇಡಿಕೊಂಡ ಹಾಗಿತ್ತು. ಆಮೇಲೆ, "ಕಾಯಬ್ಯಾಡ" ಅಂದಳು.

ಹಾಗೆಂದವಳು ಎದ್ದು, ಗುಡಾರದೊಳಗೆ ಹೋಗಿ ಚೊಂಬು ತಂದಳು. ಅದೇ ಹಿತ್ತಾಳೆ ಚೊಂಬು, ಕುತ್ತಿಗೆಯ ಹತ್ತಿರ ಅದೇ ತಗ್ಗು. ದ್ಯಾಮಕ್ಕ ಒಂದು ಕುರಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಕರೆಯತೊಡಗಿದಳು, ಹಾಲು ತಳಕ್ಕೆ ಬಿದ್ದ ಸದ್ದು ಮೊದಲು ತೆಳ್ಳಗೆ, ಆಮೇಲೆ ದಪ್ಪಗೆ. ಬರುವುದಿಲ್ಲ ಅಂದರೇನಾಯಿತು, ಇಲ್ಲೇ ಇಡುತ್ತಾಳೆ, ಈ ಒಲೆಯ ಮೇಲೇ ಬೇಯಿಸುತ್ತಾಳೆ, ಒಂದೇ ಒಂದು ಬೆರಳು, ಅಪ್ಪ ಬರುವುದರೊಳಗೆ ಆಗುತ್ತದೆ. ಕೀರ್ತನಾ ಎದ್ದು ನಿಂತು ಎರಡೂ ಕೈ ಮುಂದೆ ಮಾಡಿದಳು, ಬಸ್ಸಿನಲ್ಲಿ ಚೊಂಬು ಹಿಡಿದಿದ್ದ ಹಾಗೆ. ದ್ಯಾಮಕ್ಕ ದೂರದಲ್ಲೇ ನಿಂತಳು. "ಬಾಟ್ಲಿ ಐತೇನು?" ಎಂದು ಕೇಳಿದಳು. ಕೀರ್ತನಾ ಚೀಲದಿಂದ ಬಾಟಲಿ ತೆಗೆದು, ನೀರು ಚೆಲ್ಲಿ, ಚಾಚಿದಳು. "ಕೆಳಗಿಡು" ಅಂದಳು ಅವ್ವ.

ಕೀರ್ತನಾ ಬಾಟಲಿಯನ್ನು ನೆಲದ ಮೇಲಿಟ್ಟಳು. ಹಿಂದೆ ಸರಿದಳು ಕೂಡ, ಯಾರೂ ಹೇಳದಿದ್ದರೂ. ದ್ಯಾಮಕ್ಕ ಬಂದು, ಚೊಂಬಿನ ಅಂಚು ಬಾಟಲಿಗೆ ತಾಗದ ಹಾಗೆ, ಎತ್ತರದಿಂದ ಹಾಲು ಸುರಿದಳು. ಬಾಟಲಿಯ ಬಾಯಿ ಸಣ್ಣದು. ಅರ್ಧ ಒಳಗೆ ಹೋಯಿತು, ಅರ್ಧ ಕುತ್ತಿಗೆಯ ಮೇಲಿಂದ ಇಳಿದು ಮಣ್ಣಿಗೆ. ಒಂದು ಹನಿ ಚೆಲ್ಲಿದರೆ ಹೆದರಿಸುತ್ತಿದ್ದವಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಚೊಂಬು ಮಾತ್ರ ಒಂದು ಬೆರಳಷ್ಟೂ ಕೆಳಗೆ ಬರಲಿಲ್ಲ. ಮಣ್ಣು ಹಾಲನ್ನು ಕುಡಿದು ಕಪ್ಪಾಗುವುದನ್ನು ಕೀರ್ತನಾ ನೋಡುತ್ತ ನಿಂತಳು. ಸುರಿದಾದ ಮೇಲೆ ದ್ಯಾಮಕ್ಕ ಎರಡು ಹೆಜ್ಜೆ ಹಿಂದೆ ಹೋಗಿ, ತಗೊಂಡು ಹೋಗು, ಇವತ್ತ ಇಡು, ನಾಳಿಗೆ ಅನ್ನಬ್ಯಾಡ ಅಂದಳು.

ಆ ಎರಡು ಹೆಜ್ಜೆಯನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿದ್ದು ಆಟೊದಲ್ಲಿ ಕೂತ ಮೇಲೆ. ಟೀಪಾಯಿಯ ಮೇಲೆ ಬಟ್ಟಲಿಟ್ಟು ಕನಕಮ್ಮ ಹಿಂದೆ ಸರಿಯುವುದೂ ಅಷ್ಟೇ ಹೆಜ್ಜೆ. ಬಾಟಲಿ ಸೆರಗಿನಲ್ಲಿ ಅಂಟಂಟಾಗಿತ್ತು, ಕೂಸು ಅತ್ತು ಸುಸ್ತಾಗಿ ಮಲಗಿತ್ತು. ಕನಕಮ್ಮ ನೌಕರಿಯ ಮೊದಲ ವರ್ಷದ ಕತೆಯೊಂದನ್ನು ಹೇಳುವುದಿತ್ತು. ಸ್ಟಾಫ್ ರೂಮಿನಲ್ಲಿ ಅವರು ಮನೆಯಿಂದ ತಂದ ಉಂಡಿಯನ್ನು ಎಲ್ಲರಿಗೂ ಕೊಡಲು ಹೋದರೆ ಒಬ್ಬ ಮೇಷ್ಟ್ರು ಯಾವಾಗಲೂ ಪುಸ್ತಕದಿಂದ ತಲೆಯೆತ್ತದೆ ಅಲ್ಲಿಡ್ರಿ ಟೀಚರ್, ಆಮ್ಯಾಲೆ ತಗೊಂತೀನಿ ಅನ್ನುತ್ತಿದ್ದರಂತೆ. ಸಂಜೆ ನೋಡಿದರೆ ಉಂಡಿಗೆ ಇರುವೆ ಹತ್ತಿರುತ್ತಿದ್ದವಂತೆ. ಕನಕಮ್ಮ ಆ ಮೇಷ್ಟ್ರ ದನಿಯನ್ನು ಅಣಕಿಸಿ ನಗಿಸುತ್ತಿದ್ದರು, ಕೀರ್ತನಾ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಗುತ್ತಲೇ ಅವತ್ತು ಅವರು ಚಾಚಿದ ಚಹಾದ ಕಪ್ಪನ್ನು, ಕೂಸು ಕೈಯಲ್ಲಿ ಇದ್ದುದರಿಂದ, ಅಲ್ಲಿಡ್ರಿ ಅತ್ತಿ ಅಂದಿದ್ದಳು. ಕೂಸು ಕೈಯಲ್ಲಿತ್ತು, ನಿಜ. ಕೂಸು ಹುಟ್ಟುವ ಮುಂಚೆ ಏನು ಕೈಯಲ್ಲಿತ್ತು. ತಾನು ಈ ಮನೆಯಲ್ಲಿ ಎಲ್ಲವನ್ನೂ ಉಂಡಿದ್ದೇನೆ, ಒಂದೇ ತಟ್ಟೆಯಲ್ಲಿ ಉಂಡಿದ್ದೇನೆ, ಆದರೆ ಆ ಕೈಯಿಂದ ಈ ಕೈಗೆ ಏನನ್ನಾದರೂ ಇಸಿದುಕೊಂಡಿದ್ದೇನೆಯೇ ಎಂದು ಹುಡುಕಿದಳು. ಮದುವೆಯ ದಿನ ಒಂದು ಹೂವು. ಆಮೇಲೆ ನೆನಪಾಗಲಿಲ್ಲ. ಕಾದದ್ದು ಅವ್ವನಿಗಾಗಿ ಎಂದೇ ಇಷ್ಟು ದಿನ ಅಂದುಕೊಂಡಿದ್ದಳು. ಕೂಸಿನ ಬಾಯಿಗೆ ಹೋಗುವ ಮೊದಲ ಬೆರಳು ಯಾರದಾಗಬಾರದು ಎಂಬುದೂ ಆ ಕಾಯುವಿಕೆಯೊಳಗೆ ಕೂತಿತ್ತೇನೋ, ಅದನ್ನು ಅವಳು ಎತ್ತಿ ನೋಡಿರಲಿಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾದವು. ಹಾಗಿದ್ದೂ, ಇಷ್ಟೆಲ್ಲ ಗೊತ್ತಾದ ಮೇಲೂ, ಅವ್ವನ ಕೈ ಗಾಳಿಯಲ್ಲಿ ಎದ್ದಿತ್ತಲ್ಲ ಎಂದು ಅವಳ ಮನಸ್ಸು ಅಲ್ಲೇ ಹೋಗಿ ಹೋಗಿ ನಿಲ್ಲುತ್ತಿತ್ತು.

ಮನೆಗೆ ಬಂದಾಗ ಕನಕಮ್ಮ ಬಟ್ಟಲು ತೊಳೆದು ಬೋರಲು ಹಾಕಿದ್ದರು. ಸರಿ ಐತೇನ್ರಿ ಅತ್ತಿ ಎಂದು ಕೀರ್ತನಾ ಬಾಗಿಲಲ್ಲೇ ಕೇಳಿದಳು. ಅದು ಆರಿ ಗಟ್ಟಿಯಾಗಿತ್ತು, ಈಗ ಮಾಡ್ತೀನಿ ತಡಿ ಎಂದು ಅವರು ಲಗುಬಗೆಯಿಂದ ಒಲೆ ಹಚ್ಚಿದರು. ಕೂಸು ಎದ್ದು ಆ ವಾಸನೆಗೆ ಮೂಗು ಅರಳಿಸಿ ಕೂತಿತು. ಬಟ್ಟಲು ತಂದ ಕನಕಮ್ಮ ರೂಢಿಯಂತೆ ಟೀಪಾಯಿಯ ಮೇಲೆ ಇಡಲು ಬಗ್ಗಿದರು.

"ಅಲ್ಲಿಡಬ್ಯಾಡ್ರಿ" ಅಂದಳು ಕೀರ್ತನಾ. "ಇಲ್ಲಿ ಕೊಡ್ರಿ."

ಬಟ್ಟಲನ್ನು ಅವರ ಕೈಯಿಂದ ತನ್ನ ಕೈಗೆ ಇಸಿದುಕೊಂಡಳು. ಬಿಸಿ ಇತ್ತು, ಬೆರಳುಗಳು ಬೆರಳುಗಳಿಗೆ ತಾಗಿದವು. ಆಮೇಲೆ ಕೂಸನ್ನು ಅವರ ಮಡಿಲಿನಲ್ಲಿ ಕೂರಿಸಿ, ಬಟ್ಟಲನ್ನು ತಾನೇ ಹಿಡಿದುಕೊಂಡು, ನೀವ ಇಡ್ರಿ ಅಂದಳು. ಕನಕಮ್ಮ ಬುದ್ಧನ ಪಟದ ಕಡೆಗೂ ನೋಡಲಿಲ್ಲ, ಸೊಸೆಯ ಕಡೆಗೂ ನೋಡಲಿಲ್ಲ. ನಿಮ್ಮವ್ವ ಬರಬಹುದು ಅಂತ ನಾನೂ ಕಾದೆನವ್ವ ಎಂದಷ್ಟೇ ಹೇಳಿ, ಬೆರಳ ತುದಿಯಲ್ಲಿ ಸರಿ ತೆಗೆದು, ಊದಿ, ತಮ್ಮ ತುಟಿಗೆ ತಾಗಿಸಿ ಬಿಸಿ ನೋಡಿ, ಕೂಸಿನ ಬಾಯಿಗಿಟ್ಟರು. ಕೂಸು ಮುಖ ಕಿವಿಚಿತು. ನಾಲಿಗೆಯಿಂದ ಅರ್ಧ ಹೊರಗೆ ತಳ್ಳಿತು. ಗಲ್ಲದ ಮೇಲಿನದನ್ನು ಅವರು ಬೆರಳಿನಿಂದ ಬಳಿದು ಮತ್ತೆ ಒಳಗಿಟ್ಟರು. ಈ ಸಲ ಅದು ಯೋಚನೆ ಮಾಡುವಂತೆ ಸುಮ್ಮನಿದ್ದು, ನುಂಗಿ, ಆ ಬೆರಳನ್ನೇ ಎರಡೂ ಕೈಯಿಂದ ಹಿಡಿದುಕೊಂಡು ಬಾಯಿ ತೆರೆಯಿತು. ಕೀರ್ತನಾಳ ರವಿಕೆ ಎರಡೂ ಕಡೆ ಒದ್ದೆಯಾಯಿತು.

ಬಟ್ಟಲು ಅರ್ಧವಾದಾಗ ಕನಕಮ್ಮ ಚೀಲದ ಪಕ್ಕದಲ್ಲಿದ್ದ ಬಾಟಲಿಯನ್ನು ನೋಡಿದರು. ಹೊರಮೈಗೆ ಹಾಲೂ ಮಣ್ಣೂ ಒಣಗಿ ಹತ್ತಿಕೊಂಡಿದ್ದವು. ಅವರಿಗೆ ಎಷ್ಟು ಅರ್ಥವಾಯಿತೋ, ಎಲ್ಲವೂ ಆಗಿರಬೇಕು. "ತವರಿನ ಹಾಲು ಬಂದೈತಲ್ಲ" ಅಂದರು. "ಕಾಯಿಸಿ ಕೂಸಿನ ಸರಿಯಾಗ ಒಂದಿಷ್ಟು ಬೆರಸೋಣೇನು?"

"ಬ್ಯಾಡ್ರಿ" ಅಂದಳು ಕೀರ್ತನಾ. "ಅದು ನನಗ."

ಒಳಗೆ ಹೋಗಿ ಬಾಟಲಿಯನ್ನು ತೊಳೆಯದೆಯೇ ಹಾಲನ್ನು ಪಾತ್ರೆಗೆ ಬಗ್ಗಿಸಿ ಕಾಯಿಸಿದಳು. ಒಂದು ಲೋಟಕ್ಕಿಂತ ಕಡಿಮೆಯಿತ್ತು. ಬೆಲ್ಲ ಹಾಕಲಿಲ್ಲ. ನಡುಮನೆಗೆ ಬಂದು, ಕೂಸು ಉಣ್ಣುತ್ತಿದ್ದ ಕಡೆ ಮುಖ ಮಾಡಿ ಗೋಡೆಗೊರಗಿ ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದಳು. ದಟ್ಟ ಹಾಲು, ಕಂಬಳಿಯ ವಾಸನೆ, ಹಿಂಡಿನ ಧೂಳಿನ ವಾಸನೆ, ಅವ್ವನ ಸೆರಗಿನ ವಾಸನೆ. ಲೋಟ ಬಿಸಿಯಾಗಿ ಬೆರಳು ಸುಡುತ್ತಿತ್ತು. ಅಳುತ್ತ, ಗುಟುಕು ಗುಟುಕಾಗಿ ಕುಡಿದಳು, ಮುಗಿಯುವವರೆಗೆ ಲೋಟವನ್ನು ಕೆಳಗಿಡಲಿಲ್ಲ.